ಅನ್ಯಸಭೆಯ ಓದುಗನೂ ಧಾರ್ಮಿಕ ಲೇಖಕನೂ

ಧರ್ಮವಿಷಯವನ್ನು ಕುರಿತು ಬರೆಯುವವನಿಗೆ ದೂರದ ಓದುಗನಿಗಿಂತ ಹತ್ತಿರದ ಓದುಗನೇ ಹೆಚ್ಚು ಕಠಿನನಾದ ಪರೀಕ್ಷಕನೆಂಬುದು ನಮ್ಮ ನಾಡಿನ ಯಾವ ಸಂಪ್ರದಾಯದವರಿಗೂ ಹೊಸದಾಗಿ ಹೇಳಬೇಕಾದ ಮಾತಲ್ಲ. ಅದ್ವೈತಿಯೊಬ್ಬರು ಬರೆದ ಗೀತಾವ್ಯಾಖ್ಯಾನವನ್ನು ಕ್ರೈಸ್ತನೋ ಮುಸಲ್ಮಾನನೋ ಜಿಜ್ಞಾಸೆಯಿಂದಲೂ ಸೌಜನ್ಯದಿಂದಲೂ ಓದಿ ಮುಗಿಸಿಯಾನು. ಅದನ್ನೇ ಮಾಧ್ವ ಪಂಡಿತರು ಕೈಗೆತ್ತಿಕೊಂಡರೆ ಒಂದೊಂದು ವಿಶೇಷಣವನ್ನೂ ತೂಗಿ ನೋಡದೆ ಪುಟ ಮಗುಚುವುದಿಲ್ಲ. ಕ್ರೈಸ್ತರಲ್ಲಿಯೂ ಇದೇ ಸ್ಥಿತಿ. ಕ್ರಿಸ್ತನ ಜನನ, ಶಿಲುಬೆಯ ಮರಣ, ಪುನರುತ್ಥಾನಗಳನ್ನು ಸಮಾನವಾಗಿ ನಂಬಿದ ಕಥೋಲಿಕರೂ ಪ್ರೊಟೆಸ್ಟಂಟರೂ ಆರ್ಥೊಡಾಕ್ಸ್ ಸಭೆಯವರೂ ಒಬ್ಬರ ಪುಸ್ತಕವನ್ನೊಬ್ಬರು ತೆರೆದಾಗ, ಮಾತೆ ಮರಿಯಮ್ಮನವರ ಹೆಸರು ಎಲ್ಲಿ ಬಂದಿದೆ, ಪೋಪರ ಅಧಿಕಾರವನ್ನು ಕುರಿತು ಲೇಖಕನು ಏನೆಂದನು ಅಥವಾ ಏನನ್ನೂ ಅನ್ನದೆ ಹೇಗೆ ದಾಟಿಹೋದನು, ಬಲಿಪೂಜೆಯೆಂದು ಬರೆದನೋ ಪ್ರಭುಭೋಜನವೆಂದು ಬರೆದನೋ ಎಂಬವುಗಳ ಮೇಲೆಯೇ ಕಣ್ಣು ಮೊದಲು ಹರಿಯುವುದು ಅನುಭವಸಿದ್ಧವಾದ ವಿಷಯ.

ಈ ಪರೀಕ್ಷೆಗೆ ಅಂಜಿದ ಲೇಖಕರು ಸಾಮಾನ್ಯವಾಗಿ ತಮ್ಮ ಸಭೆಯ ಆವರಣದೊಳಗಿನವರಿಗೆ ಮಾತ್ರ ಬರೆದು ಅಲ್ಲಿಯ ಮೆಚ್ಚುಗೆಯಲ್ಲಿ ತೃಪ್ತರಾಗುತ್ತಾರೆ. ಇಲ್ಲವೆ, ತಮ್ಮ ಶ್ರದ್ಧೆಯ ಅಂಚುಗಳನ್ನೆಲ್ಲ ಉಜ್ಜಿ ನುಣುಪುಗೊಳಿಸಿ, ಯಾರೂ ಆಕ್ಷೇಪಿಸಲಾರದ, ಆದಕಾರಣವೇ ಯಾರ ಹಸಿವನ್ನೂ ಹಿಂಗಿಸಲಾರದ ಸಾಮಾನ್ಯ ನೀತಿವಾಕ್ಯಗಳಲ್ಲಿ ಪ್ರಬಂಧವನ್ನು ಮುಗಿಸುತ್ತಾರೆ. ಈ ಎರಡೂ ದಾರಿಗಳನ್ನು ಬಿಟ್ಟು, ತನ್ನ ಸಭೆಯಲ್ಲಿ ದೃಢವಾಗಿ ನಿಂತು, ಆ ನಿಲುವನ್ನು ಮರೆಮಾಚದೆ, ಆದರೂ ಎಲ್ಲ ಸಭೆಗಳ ಓದುಗರೂ ತಮ್ಮವನೆಂದು ಬರಮಾಡಿಕೊಳ್ಳುವಂತೆ ಬರೆಯುವುದು ಸಾಧ್ಯವೆಂದೂ, ಅದಕ್ಕೆ ಪ್ರತಿಭೆಗಿಂತ ಹೆಚ್ಚಾಗಿ ಒಂದು ಬಗೆಯ ಶಿಸ್ತು ಬೇಕೆಂದೂ ನಾನು ನಂಬಿದ್ದೇನೆ. ಈ ನಂಬಿಕೆಗೆ ಆಧಾರವಾಗಿ ನನ್ನ ಕಣ್ಣ ಮುಂದಿರುವವರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದ ಸಿ. ಎಸ್. ಲೂಯಿಸರು.

ಲೂಯಿಸರು 1898ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ನಡುವಣ ವೈಮನಸ್ಯವು ಬೀದಿ, ಶಾಲೆ, ಉದ್ಯೋಗಗಳಲ್ಲೆಲ್ಲ ಗೋಡೆಯೆಬ್ಬಿಸಿದ್ದ ಊರು ಅದು. ಅವರ ತಾಯಿಯ ತಂದೆ ಅಲ್ಲಿಯ ಪ್ರೊಟೆಸ್ಟಂಟ್ ದೇವಾಲಯವೊಂದರ ಗುರುಗಳಾಗಿದ್ದು, ಕಥೋಲಿಕರ ವಿಷಯದಲ್ಲಿ ತೀವ್ರ ವಿರೋಧವುಳ್ಳವರಾಗಿದ್ದರು. ಇಂಥ ಮನೆತನದಲ್ಲಿ ಹುಟ್ಟಿ, ತಾರುಣ್ಯದಲ್ಲಿ ದೇವರನ್ನೇ ನಿರಾಕರಿಸಿ, ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಹಿಂದಿರುಗಿದ ಲೂಯಿಸರು, 1931ರ ಸೆಪ್ಟೆಂಬರಿನ ಒಂದು ರಾತ್ರಿ ತಮ್ಮ ಕಾಲೇಜಿನ ಉಪವನದ ಹಾದಿಯಲ್ಲಿ ಇಬ್ಬರು ಮಿತ್ರರೊಡನೆ ಬಹಳ ಹೊತ್ತು ನಡೆಸಿದ ಸಂಭಾಷಣೆಯ ಫಲವಾಗಿ ಕ್ರಿಸ್ತನ ಕಡೆಗೆ ತಿರುಗಿದರೆಂಬುದು ಅವರ ಜೀವನದ ಪ್ರಖ್ಯಾತ ಘಟನೆ. ಆ ಇಬ್ಬರಲ್ಲಿ ಹ್ಯೂಗೋ ಡೈಸನ್ ಆಂಗ್ಲಿಕನ್ ಸಭೆಯವರು, ಜೆ. ಆರ್. ಆರ್. ಟೋಲ್ಕಿನ್ ನಿಷ್ಠಾವಂತ ಕಥೋಲಿಕರು. ಬೆಲ್‌ಫಾಸ್ಟಿನ ಗುರುಗಳ ಮೊಮ್ಮಗನು ಶ್ರದ್ಧೆಗೆ ಮರಳಿದಾಗ ಕೈಹಿಡಿದು ನಡೆಸಿದವರಲ್ಲಿ ಒಬ್ಬರು ಕಥೋಲಿಕರಾಗಿದ್ದರೆಂಬುದನ್ನು ಅವರ ಮುಂದಿನ ಬರವಣಿಗೆಯನ್ನು ಓದುವವರು ನೆನಪಿನಲ್ಲಿಡಬೇಕು. ಹಾಗೆ ಮರಳಿದ ಮೇಲೂ ಅವರು ಟೋಲ್ಕಿನ್ನರ ಸಭೆಯನ್ನು ಸೇರಲಿಲ್ಲವೆಂಬುದನ್ನೂ ಅದರೊಡನೆಯೇ ನೆನೆಯಬೇಕು. 1963ರಲ್ಲಿ ತೀರಿಕೊಳ್ಳುವವರೆಗೂ ಅವರು ಆಂಗ್ಲಿಕನ್ ಸಭೆಯ ಒಬ್ಬ ಸಾಮಾನ್ಯ ಗೃಹಸ್ಥರಾಗಿಯೇ ಇದ್ದು, ತಮ್ಮ ಊರಿನ ದೇವಾಲಯದಲ್ಲಿಯೇ ಪ್ರಾರ್ಥಿಸಿ, ಅದರ ಅಂಗಳದಲ್ಲಿಯೇ ಮಣ್ಣಾದರು.

1941ರಲ್ಲಿ, ಇಂಗ್ಲೆಂಡಿನ ನಗರಗಳ ಮೇಲೆ ಜರ್ಮನ್ ವಿಮಾನಗಳು ಬಾಂಬುಗಳನ್ನು ಸುರಿಸುತ್ತಿದ್ದ ಕಾಲದಲ್ಲಿ, ನೋವಿನ ಸಮಸ್ಯೆಯನ್ನು ಕುರಿತು ಲೂಯಿಸರು ಹಿಂದಿನ ವರ್ಷ ಪ್ರಕಟಿಸಿದ್ದ ಪುಸ್ತಕವನ್ನು ಓದಿ ಪ್ರಭಾವಿತರಾದ ಬಿ.ಬಿ.ಸಿ. ಬಾನುಲಿಯ ಧಾರ್ಮಿಕ ವಿಭಾಗದ ನಿರ್ದೇಶಕ ಜೇಮ್ಸ್ ವೆಲ್ಚರು, ಸಾಮಾನ್ಯ ಜನರನ್ನು ಉದ್ದೇಶಿಸಿ ಕ್ರೈಸ್ತಶ್ರದ್ಧೆಯ ಮೇಲೆ ಮಾತನಾಡಬೇಕೆಂದು ಅವರಿಗೆ ಪತ್ರ ಬರೆದರು. ಆ ವರ್ಷದ ಆಗಸ್ಟಿನಿಂದ 1944ರ ವಸಂತದವರೆಗೆ ನಾಲ್ಕು ಸರಣಿಗಳಲ್ಲಿ ಆ ಭಾಷಣಗಳು ಪ್ರಸಾರವಾದುವು. ಸೈನಿಕನು ಪಾಳೆಯದಲ್ಲಿ ಕುಳಿತು ಕೇಳುವನು, ಕಾರ್ಖಾನೆಯ ಕೆಲಸಗಾರ್ತಿ ಪಾಳಿ ಮುಗಿಸಿ ಬಂದು ಕೇಳುವಳು, ಮಗನನ್ನು ರಣರಂಗಕ್ಕೆ ಕಳುಹಿಸಿದ ತಾಯಿ ಅಡಿಗೆಮನೆಯಿಂದ ಕೇಳುವಳು. ಇವರಲ್ಲಿ ಯಾರು ಯಾವ ಸಭೆಯವರು, ಯಾರು ಯಾವ ಸಭೆಗೂ ಸೇರದವರು ಎಂಬುದನ್ನು ಮೈಕಿನ ಮುಂದೆ ಕುಳಿತವನು ತಿಳಿಯುವ ಬಗೆಯೇ ಇಲ್ಲ. ದೇವಾಲಯದ ಪೀಠದಿಂದ ಬೋಧಿಸುವ ಗುರುವಿಗೆ ಎದುರಿಗಿರುವ ಜನ ತನ್ನವರೆಂಬ ಧೈರ್ಯವುಂಟು. ಬಾನುಲಿಯ ಭಾಷಣಕಾರನಿಗೆ ಅದಿಲ್ಲ. ಸಾರ್ವಜನಿಕ ಪತ್ರಿಕೆಯಲ್ಲಿ ಬರೆಯುವವನಿಗೂ ಇಲ್ಲ. ಕೇಳುಗರಿಂದ ಬಂದ ಕಾಗದಗಳು ಎಷ್ಟಾದುವೆಂದರೆ, ಮೊದಲನೆಯ ಸರಣಿಗೆ ಅವರ ಪ್ರಶ್ನೆಗಳಿಗೆ ಉತ್ತರ ಹೇಳುವುದಕ್ಕಾಗಿಯೇ ಮತ್ತೊಂದು ಭಾಷಣವನ್ನು ಸೇರಿಸಬೇಕಾಯಿತು.

ಎರಡನೆಯ ಸರಣಿಯ ವಿಷಯ ಕ್ರೈಸ್ತರು ಏನನ್ನು ನಂಬುತ್ತಾರೆಂಬುದು. ಸಭೆಗಳ ಭೇದವು ತಲೆಯೆತ್ತುವ ಸ್ಥಳವೇ ಅದು. ಇಲ್ಲಿ ಲೂಯಿಸರು ಮಾಡಿದ ಕೆಲಸ ಚಿಕ್ಕದಾಗಿ ಕಂಡರೂ, ಈ ಲೇಖನವನ್ನು ಬರೆಯುವಂತೆ ನನ್ನನ್ನು ಪ್ರೇರಿಸಿದುದು ಅದೇ. ಆ ಭಾಗದ ಹಸ್ತಪ್ರತಿಯನ್ನು ಅವರು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್, ರೋಮನ್ ಕಥೋಲಿಕ ಎಂಬ ನಾಲ್ಕು ಸಭೆಗಳ ನಾಲ್ವರು ಗುರುಗಳಿಗೆ ಕಳುಹಿಸಿ, ತಪ್ಪುಗಳನ್ನು ತೋರಿಸಿಕೊಡಿರೆಂದು ಬೇಡಿದರು. ಮೆಥಡಿಸ್ಟ್ ಗುರುಗಳು, ವಿಶ್ವಾಸದ ವಿಷಯವಾಗಿ ಹೇಳಿದುದು ಸಾಲದೆಂದರು. ಕಥೋಲಿಕ ಗುರುಗಳು, ಪ್ರಾಯಶ್ಚಿತ್ತದ ಸಿದ್ಧಾಂತಗಳು ಗೌಣವೆಂದು ಹೇಳುವುದರಲ್ಲಿ ಲೇಖಕರು ಸ್ವಲ್ಪ ಮುಂದೆ ಹೋದರೆಂದರು. ಕ್ರಿಸ್ತನ ಮರಣವು ಮನುಷ್ಯನಿಗೂ ದೇವರಿಗೂ ಸಮಾಧಾನವನ್ನುಂಟುಮಾಡಿತೆಂಬುದು ಎಲ್ಲ ಸಭೆಗಳ ನಂಬಿಕೆ. ಅದು ಹೇಗೆ ಉಂಟುಮಾಡಿತು, ಋಣವನ್ನು ತೀರಿಸಿಯೋ, ಶಿಕ್ಷೆಯನ್ನು ತಾನೇ ಹೊತ್ತೋ, ಮರಣವನ್ನು ಜಯಿಸಿಯೋ ಎಂಬ ವಿವರಣೆಗಳು ಮಾತ್ರ ಹಲವು. ನಂಬಿಕೆ ಮುಖ್ಯ, ವಿವರಣೆ ಆಮೇಲಿನದು ಎಂಬುದು ಲೂಯಿಸರ ನಿಲುವು. ವಿವರಣೆಯನ್ನು ಅಷ್ಟು ಹಗುರವಾಗಿ ಬದಿಗಿಡಬಾರದೆಂಬುದು ಕಥೋಲಿಕ ಗುರುಗಳ ನಿಲುವು. ಈ ಎರಡು ವಿಷಯಗಳನ್ನುಳಿದು ಮಿಕ್ಕೆಲ್ಲದರಲ್ಲಿಯೂ ತಾವೈವರೂ ಸಮ್ಮತರಾದೆವೆಂದು, 1952ರಲ್ಲಿ ಭಾಷಣಗಳೆಲ್ಲ ‘ಮಿಯರ್ ಕ್ರಿಶ್ಚಿಯಾನಿಟಿ’ ಎಂಬ ಹೆಸರಿನಿಂದ ಒಂದೇ ಪುಸ್ತಕವಾಗಿ ಹೊರಬಂದಾಗ, ಲೂಯಿಸರು ಮುನ್ನುಡಿಯಲ್ಲಿ ಬರೆದರು.

ಒಬ್ಬ ಲೇಖಕನು ತನ್ನ ಹಸ್ತಪ್ರತಿಯನ್ನು ಸಮಾನಮತದ ಮಿತ್ರರಿಗೆ ತೋರಿಸುವುದು ವಾಡಿಕೆ; ಅಲ್ಲಿಂದ ಬರುವುದು ಬಹುಮಟ್ಟಿಗೆ ಪ್ರಶಂಸೆ. ತನ್ನ ಸಭೆಯನ್ನು ಅಪೂರ್ಣವೆಂದೋ ಭ್ರಾಂತವೆಂದೋ ಎಣಿಸುವ ಸಭೆಯ ಅಧಿಕೃತ ಗುರುವಿನ ಕೈಗೆ ಅಚ್ಚಿಗೆ ಮೊದಲೇ ಅದನ್ನೊಪ್ಪಿಸಿ, ಬಂದ ಆಕ್ಷೇಪಗಳನ್ನು ಹುಗಿದಿಡದೆ, ಯಾವ ಸಭೆಯವರು ಯಾವ ಮಾತಿಗೆ ಆಕ್ಷೇಪಿಸಿದರೆಂಬುದನ್ನು ಪುಸ್ತಕದ ಬಾಗಿಲಲ್ಲಿಯೇ ಓದುಗರಿಗೆ ತಿಳಿಸುವುದು ಎಷ್ಟು ಮಂದಿಯಿಂದಾದೀತು? ಓದುಗನಿಗೆ ಇದರಿಂದ ಆದ ಉಪಕಾರವನ್ನು ನೋಡಿರಿ. ಮೆಥಡಿಸ್ಟನು ಆ ಪುಸ್ತಕವನ್ನು ತೆರೆಯುವಾಗಲೇ, ತನ್ನ ಪರವಾಗಿ ಒಬ್ಬರು ಮುಂಚೆಯೇ ಅದನ್ನು ಓದಿದ್ದಾರೆಂಬ ಭರವಸೆಯಿಂದ ತೆರೆಯುತ್ತಾನೆ. ಕಥೋಲಿಕನು ತಾನೆಲ್ಲಿ ಎಚ್ಚರದಿಂದಿರಬೇಕೆಂಬುದನ್ನು ಲೇಖಕನ ಬಾಯಿಂದಲೇ ಕೇಳಿ ತಿಳಿಯುತ್ತಾನೆ. ವಿಶ್ವಾಸವು ಹುಟ್ಟುವುದು ಇಂಥ ನಡತೆಯಿಂದ.

ಅದೇ ಮುನ್ನುಡಿಯಲ್ಲಿ, ಸಭೆಗಳ ಭೇದಗಳನ್ನು ಕುರಿತು ತಾವು ತಾಳಿದ ಮೌನಕ್ಕೂ ಲೂಯಿಸರು ಕಾರಣ ಕೊಡುತ್ತಾರೆ. ಸಭೆಗಳ ನಡುವಣ ವಿವಾದಗಳು ಉನ್ನತ ದೇವತಾಶಾಸ್ತ್ರಕ್ಕೂ ಸಭಾಚರಿತ್ರೆಗೂ ಸೇರಿದವು, ಅವುಗಳನ್ನು ತಜ್ಞರಿಗೇ ಬಿಡಬೇಕು. ಅಲ್ಲದೆ, ಹೊರಗೆ ನಿಂತವನ ಮುಂದೆ ಮನೆಯವರು ಕಾದಾಡಿದರೆ ಅವನು ಒಳಕ್ಕೆ ಬರುವುದಿಲ್ಲ. ಆದರೆ ಈ ಮೌನವನ್ನು ಉದಾಸೀನವೆಂದು ತಿಳಿಯಬೇಡಿರೆಂದೂ, ತಾನು ಆಂಗ್ಲಿಕನ್ ಸಭೆಯ ಗೃಹಸ್ಥನೆಂದೂ ಅವರು ಸ್ಪಷ್ಟವಾಗಿ ಹೇಳುತ್ತಾರೆ. ಮಾತೆ ಮರಿಯಮ್ಮನವರ ವಿಷಯವನ್ನು ತಾವೇಕೆ ಎತ್ತಲಿಲ್ಲವೆಂಬುದನ್ನು ವಿವರಿಸುವ ಭಾಗವಂತೂ ನನ್ನ ದೃಷ್ಟಿಯಲ್ಲಿ ಧಾರ್ಮಿಕ ಲೇಖಕರೆಲ್ಲರೂ ಮತ್ತೆ ಮತ್ತೆ ಓದತಕ್ಕದ್ದು. ಕಥೋಲಿಕನ ಭಕ್ತಿಯ ಹಿಂದೆ ತನ್ನ ತಾಯಿಯ ಗೌರವಕ್ಕೆ ಕುಂದು ಬಂದಾಗ ಮಗನಲ್ಲಿ ಏಳುವಂಥ ಭಾವವಿದೆಯೆಂದೂ, ಪ್ರೊಟೆಸ್ಟಂಟನ ಹಿಂಜರಿಕೆಯ ಹಿಂದೆ ಸೃಷ್ಟಿಕರ್ತನಿಗೂ ಸೃಷ್ಟಿಗೂ ಇರುವ ಅಂತರವು ಅಳಿಸಿಹೋದೀತೆಂಬ, ಏಕದೇವನಿಷ್ಠೆಯ ಬೇರಿನಿಂದಲೇ ಹುಟ್ಟಿದ ಭಯವಿದೆಯೆಂದೂ ಅವರು ತೋರಿಸುತ್ತಾರೆ. ಎರಡು ಪಕ್ಷಗಳ ಭಾವವನ್ನೂ ಅವುಗಳ ಅತ್ಯುನ್ನತ ಸ್ವರೂಪದಲ್ಲಿ ಹೇಳಿ, ತಾನು ತೀರ್ಪು ಕೊಡದೆ ಹಿಂದೆ ಸರಿಯುವ ಈ ಕ್ರಮವು, ಎದುರುಪಕ್ಷದ ಅತ್ಯಂತ ಕೀಳಾದ ಉದಾಹರಣೆಯನ್ನು ಆರಿಸಿ ತಂದು ತನ್ನ ಪಕ್ಷದ ಅತ್ಯುತ್ತಮವಾದುದರೊಡನೆ ಹೋಲಿಸುವ ನಮ್ಮ ಸಾಮಾನ್ಯ ಅಭ್ಯಾಸಕ್ಕೆ ನೇರವಾಗಿ ವಿರುದ್ಧವಾದುದು.

ತಮ್ಮ ಪುಸ್ತಕವನ್ನು ಅವರು ಹಲವು ಕೋಣೆಗಳಿಗೆ ಬಾಗಿಲುಗಳಿರುವ ಒಂದು ಹಜಾರಕ್ಕೆ ಹೋಲಿಸಿದರು. ಹಜಾರವು ಕಾಯುವ ಸ್ಥಳ. ಬೆಂಕಿ, ಆಸನ, ಊಟಗಳಿರುವುದು ಕೋಣೆಗಳಲ್ಲಿ. ಯಾರೇ ಆಗಲಿ ಕೊನೆಗೆ ಒಂದು ಕೋಣೆಯನ್ನು ಹೊಗಲೇಬೇಕು. ಈ ಹೋಲಿಕೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕಥೋಲಿಕನಿಗೂ ಆರ್ಥೊಡಾಕ್ಸ್ ಸಭೆಯವನಿಗೂ ತನ್ನ ಸಭೆ ಒಂದು ಕೋಣೆಯಲ್ಲ, ಮನೆಯೇ; ಅವರು ಈ ಚಿತ್ರದಲ್ಲಿ ತಮ್ಮನ್ನು ತಾವು ಕಾಣುವುದು ಕಷ್ಟ. ಆದರೆ ಯಾವ ಕೋಣೆಯನ್ನೂ ಹೊಗದೆ ಹಜಾರದಲ್ಲಿಯೇ ನೆಲೆಸಿ, ಅದನ್ನೇ ವಿಶಾಲಮನಸ್ಸೆಂದು ಕರೆದುಕೊಳ್ಳುವವರಿಗೆ ಅದು ಹೇಳುವ ಎಚ್ಚರಿಕೆಯನ್ನು ಯಾವ ಸಭೆಯವರೂ ಅಲ್ಲಗಳೆಯಲಾರರು. ಒಂದೊಂದು ಸಭೆಯ ಅಂಚಿನಲ್ಲಿ ತಿರುಗಾಡುವವರಿಗಿಂತ, ತಂತಮ್ಮ ಸಭೆಯ ಹೃದಯದಲ್ಲಿ ಬಾಳುವವರೇ ಪರಸ್ಪರ ಸಮೀಪದಲ್ಲಿರುತ್ತಾರೆಂಬುದು ಲೂಯಿಸರ ದೃಢವಾದ ಅಭಿಪ್ರಾಯವಾಗಿತ್ತು.

ಆ ಅಭಿಪ್ರಾಯಕ್ಕೆ ಅವರ ಜೀವನದಲ್ಲಿಯೇ ಒಂದು ನಿದರ್ಶನವುಂಟು. ಇಟಲಿಯ ವೆರೋನಾ ನಗರದಲ್ಲಿ ಅನಾಥ ಬಾಲಕರ ಸೇವೆಯಲ್ಲಿ ಜೀವವನ್ನು ಸವೆಸುತ್ತಿದ್ದ, ಅದಕ್ಕಾಗಿ ಒಂದು ಸಂನ್ಯಾಸಿಸಂಘವನ್ನೇ ಸ್ಥಾಪಿಸಿದ್ದ, ಜೊವಾನ್ನಿ ಕಲಾಬ್ರಿಯಾ ಎಂಬ ಕಥೋಲಿಕ ಗುರುಗಳು ಲೂಯಿಸರ ಒಂದು ಪುಸ್ತಕವನ್ನು ಇಟಾಲಿಯನ್ ಅನುವಾದದಲ್ಲಿ ಓದಿದರು. ಲೇಖಕರಿಗೆ ಬರೆಯಬೇಕೆಂಬ ಆಸೆಯಾಯಿತು, ಇಂಗ್ಲಿಷ್ ಬಾರದು. ಆಂಗ್ಲ ಪ್ರಾಧ್ಯಾಪಕರಿಗೆ ಲ್ಯಾಟಿನ್ ಬಂದೀತೆಂದೆಣಿಸಿ, 1947ರ ಸೆಪ್ಟೆಂಬರಿನಲ್ಲಿ, ಕ್ರೈಸ್ತರ ಐಕ್ಯವನ್ನು ಕುರಿತ ತಮ್ಮ ಹಂಬಲವನ್ನು ಲ್ಯಾಟಿನ್ನಿನಲ್ಲಿ ಬರೆದು ಕಳುಹಿಸಿದರು. ಲೂಯಿಸರು ಕೆಲವೇ ದಿನಗಳಲ್ಲಿ ಅದೇ ಭಾಷೆಯಲ್ಲಿ ಉತ್ತರಿಸಿದರು. 1954ರ ಡಿಸೆಂಬರಿನಲ್ಲಿ ಕಲಾಬ್ರಿಯಾ ತೀರಿಕೊಳ್ಳುವವರೆಗೆ ಈ ಪತ್ರವ್ಯವಹಾರ ನಡೆಯಿತು. ಆಮೇಲೆ ಅದೇ ಸಂಘದ ಇನ್ನೊಬ್ಬ ಗುರುಗಳೊಡನೆ ಮುಂದುವರಿಯಿತು. ಲೂಯಿಸರೂ ಕಲಾಬ್ರಿಯಾ ಅವರೂ ಒಮ್ಮೆಯೂ ಭೇಟಿಯಾಗಲಿಲ್ಲ.

ಆ ಕಾಗದಗಳಲ್ಲಿ ಲೂಯಿಸರು ತಮ್ಮ ಸಭೆಯನ್ನು ಬಿಟ್ಟುಕೊಟ್ಟುದಿಲ್ಲ. ವಾದಗಳಿಂದ ಭೇದವು ಮಾಯುವುದಕ್ಕಿಂತ ಉಲ್ಬಣವಾಗುವುದೇ ಹೆಚ್ಚೆಂದೂ, ಒಟ್ಟಿಗೆ ಮಾಡಿದ ಕೆಲಸ, ಒಟ್ಟಿಗೆ ಮಾಡಿದ ಪ್ರಾರ್ಥನೆ, ಒಟ್ಟಿಗೆ ಸಹಿಸಿದ ಕಷ್ಟ ಇವುಗಳೇ ಒಂದುಗೂಡಿಸಬಲ್ಲವೆಂದೂ ಅವರು ಬರೆದರು. ತಮ್ಮ ಹುಟ್ಟೂರಿನ ಕಡೆ ಹೋದಾಗ, ಅಲ್ಲಿ ಎರಡು ಪಕ್ಷದವರೂ ಪರಸ್ಪರರನ್ನು ಅರಿಯದಿರುವುದನ್ನೇ ಸಿದ್ಧಾಂತನಿಷ್ಠೆಯೆಂದು ಭ್ರಮಿಸಿದ್ದಾರೆಂದು ಆ ಕಥೋಲಿಕ ಗುರುಗಳೊಡನೆ ದುಃಖವನ್ನು ತೋಡಿಕೊಂಡರು. ಬಂದ ಕಾಗದಗಳನ್ನು ಉತ್ತರಿಸಿದ ಮೇಲೆ ಸುಟ್ಟುಬಿಡುವುದು ಲೂಯಿಸರ ಪದ್ಧತಿಯಾಗಿದ್ದುದರಿಂದ, ವೆರೋನಾದಿಂದ ಬಂದವುಗಳಲ್ಲಿ ಹೆಚ್ಚಿನವು ನಮಗೆ ಉಳಿದಿಲ್ಲ; ಅವರು ಬರೆದವುಗಳನ್ನು ಅಲ್ಲಿಯವರು ಕಾಪಾಡಿದರು. ಕಲಾಬ್ರಿಯಾ ಅವರನ್ನು ಕಥೋಲಿಕ ಧರ್ಮಸಭೆಯು 1999ರಲ್ಲಿ ಸಂತರೆಂದು ಘೋಷಿಸಿತು. ಸಂತರೆನಿಸಿದ ಒಬ್ಬ ಕಥೋಲಿಕರು ಆಂಗ್ಲಿಕನ್ ಗೃಹಸ್ಥನೊಬ್ಬನ ಬರಹದಲ್ಲಿ ತಮ್ಮದನ್ನು ಕಂಡುಕೊಂಡು, ಭಾಷೆಯ ಅಡಚಣೆಯನ್ನು ಲೆಕ್ಕಿಸದೆ ಕಾಗದ ಬರೆದರೆಂಬುದು ಎಲ್ಲ ಧಾರ್ಮಿಕ ಲೇಖಕರಿಗೂ ದೊಡ್ಡ ಆಶ್ವಾಸನೆ.

ಇಷ್ಟೆಲ್ಲ ಹೇಳಿದ ಮೇಲೆ, ಲೂಯಿಸರ ಕ್ರಮದಲ್ಲಿ ನನಗೆ ಕೊರತೆಯೆಂದು ತೋರುವುದನ್ನೂ ಹೇಳದಿರುವುದು ನ್ಯಾಯವಲ್ಲ. ಬಹಿರಂಗದಲ್ಲಿ ಸಲ್ಲುವ ಮೌನವು ಅಂತರಂಗದ ಸ್ನೇಹದಲ್ಲಿ ಸಲ್ಲಲಾರದು. ವಿವಾಹವನ್ನು ಕುರಿತು ಲೂಯಿಸರು ಬಾನುಲಿಯಲ್ಲಿ ಹೇಳಿದ ಮಾತುಗಳಿಗೆ ಟೋಲ್ಕಿನ್ ತೀವ್ರವಾಗಿ ಅಸಮ್ಮತರಾಗಿದ್ದರು. ಅವರು ಬರೆಯತೊಡಗಿದ ಆಕ್ಷೇಪಣೆಯ ಕಾಗದದ ಕರಡು ಮುಂದೆ ದೊರೆತುದು, ಲೂಯಿಸರ ಆ ಭಾಷಣಗಳ ಪುಸ್ತಿಕೆಯ ತಮ್ಮ ಪ್ರತಿಯೊಳಗೆ ಮಡಿಸಿಟ್ಟ ಸ್ಥಿತಿಯಲ್ಲಿ. ಇನ್ನೊಬ್ಬರು ಬೀಡ್ ಗ್ರಿಫಿತ್ಸ್. ಮಾಗ್ಡಲನ್ ಕಾಲೇಜಿನಲ್ಲಿ ಲೂಯಿಸರ ಶಿಷ್ಯರಾಗಿದ್ದು, ಆಮೇಲೆ ಕಥೋಲಿಕರಾಗಿ ಬೆನೆಡಿಕ್ಟ್ ಪಂಥದ ಸಂನ್ಯಾಸವನ್ನು ಸ್ವೀಕರಿಸಿದವರು. ನಾಲ್ವರು ಗುರುಗಳಲ್ಲಿ ಕಥೋಲಿಕ ಪರೀಕ್ಷಕರು ಇವರೇ ಎಂದು ಲೂಯಿಸರ ಚರಿತ್ರಕಾರರು ಹೇಳುತ್ತಾರೆ; ತಮ್ಮ ಆತ್ಮಕಥೆಯನ್ನು ಲೂಯಿಸರು ಅರ್ಪಿಸಿದುದೂ ಇವರಿಗೇ. ಆದರೂ, ತಮ್ಮ ಸಭೆಗಳ ಭೇದಗಳನ್ನು ಚರ್ಚಿಸಲು ಲೂಯಿಸರು ಒಪ್ಪದಿದ್ದುದರಿಂದ ಆ ಗೆಳೆತನದಲ್ಲಿ ಕಡೆಯವರೆಗೂ ಒಂದು ಸಂಕೋಚವು ಉಳಿಯಿತೆಂದು ಗ್ರಿಫಿತ್ಸರು ಮುಂದೆ ಬರೆದರು. ಆಪ್ತನಾದವನೊಡನೆ ಅಸಮ್ಮತಿಯನ್ನು ಆಡಿ ತೀರಿಸುವುದೇ ಲೇಸು. ಸಾವಿರ ಜನರ ಮುಂದೆ ಅದನ್ನು ಆಡದಿರಲು ಬೇಕಾದ ಸಮಾಧಾನವು ಬರುವುದೂ ಅದರಿಂದಲೇ.

ಈ ಗ್ರಿಫಿತ್ಸರು ನಮ್ಮ ನಾಡಿಗೆ ಸಂಬಂಧಪಟ್ಟವರು. 1955ರಲ್ಲಿ ಭಾರತಕ್ಕೆ ಬಂದು ಅವರು ಮೊದಲು ಆಶ್ರಮವನ್ನು ಹೂಡಿದುದು ಬೆಂಗಳೂರಿನ ಪಕ್ಕದ ಕೆಂಗೇರಿಯಲ್ಲಿ. ಆಮೇಲೆ ಕೇರಳದ ಕುರಿಶುಮಲೆಯಲ್ಲಿ ಸಿರಿಯನ್ ಪದ್ಧತಿಯ ಆರಾಧನೆಯನ್ನು ಕೈಕೊಂಡು, 1968ರಿಂದ ಕಾವೇರಿಯ ದಡದ ಶಾಂತಿವನದಲ್ಲಿ ನೆಲೆಸಿದರು. ಆಕ್ಸ್‌ಫರ್ಡಿನ ಕಥೆ ನಮಗೆ ತೀರ ಪರಕೀಯವೇನಲ್ಲ.

ಸಭೆಗಳ ಗಡಿಯನ್ನು ದಾಟಿ ಬರೆಯುವ ಕೆಲಸಕ್ಕೆ ನಮ್ಮ ನಾಡಿನಲ್ಲಿಯೇ ಹಳೆಯ ಅಡಿಪಾಯವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಜರ್ಮನಿಯ ಲೂಥರನರೂ ಸ್ವಿಟ್ಸರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ಕೂಡಿ ಕಟ್ಟಿದ ಸಂಸ್ಥೆ. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲನೆಯ ಪತ್ರಿಕೆ. ಅದರಲ್ಲಿ ಊರಿನ ವರ್ತಮಾನಕ್ಕೂ ಸರ್ಕಾರದ ಕಾನೂನುಗಳಿಗೂ ದಾಸರ ಪದಗಳಿಗೂ ಸ್ಥಳವಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಒಂದುಗೂಡಿ ದಕ್ಷಿಣ ಭಾರತ ಸಭೆಯಾದಾಗ, ಬಿಷಪ್ಪರ ಪದ್ಧತಿಯುಳ್ಳ ಸಭೆಯೂ ಅದಿಲ್ಲದ ಸಭೆಗಳೂ ಕೂಡಿಕೊಂಡ ಆ ಸಾಹಸವನ್ನು ಲೋಕದ ಕ್ರೈಸ್ತರೆಲ್ಲ ಬೆರಗಿನಿಂದ ನೋಡಿದರು. ಕಥೋಲಿಕರ ಕಡೆಯಿಂದಲೂ ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರಿನಲ್ಲಿ ಐಕ್ಯವನ್ನು ಕುರಿತ ಶಾಸನವನ್ನು ಹೊರಡಿಸಿ, ಬೇರ್ಪಟ್ಟ ಸೋದರರನ್ನು ಅರಿಯಿರೆಂದು ತನ್ನವರಿಗೆ ಆಜ್ಞಾಪಿಸಿತು.

ಹೀಗಿದ್ದರೂ, ನಾನು ಕಂಡ ಮಟ್ಟಿಗೆ, ಮಂಗಳೂರಿನಲ್ಲಿ ಪ್ರೊಟೆಸ್ಟಂಟರ ಬಲ್ಮಠದ ಕಡೆಯ ಬರಹ ಕಥೋಲಿಕರ ಕೊಡಿಯಾಲಬೈಲಿನ ಮನೆಗಳಲ್ಲಿಯಾಗಲಿ, ಕೊಡಿಯಾಲಬೈಲಿನ ಕಡೆಯದು ಬಲ್ಮಠದ ಮನೆಗಳಲ್ಲಿಯಾಗಲಿ ಕಾಣಸಿಗುವುದು ಅಪರೂಪ; ಒಂದೇ ಊರಿನ, ನಡೆದು ಹೋಗುವಷ್ಟು ಹತ್ತಿರದ ನೆರೆಹೊರೆಗಳಿವು. 1938ರಿಂದ ಕನ್ನಡ ಲಿಪಿಯಲ್ಲಿ ಕೊಂಕಣಿ ಕಥೋಲಿಕರಿಗಾಗಿ ನಡೆದುಬಂದ ‘ರಾಕ್ಣೊ’ ವಾರಪತ್ರಿಕೆಯನ್ನು ಓದುವ ಎಷ್ಟು ಮಂದಿಗೆ, ಬ್ರಹ್ಮಾವರದಲ್ಲಿ ಅದೇ ಕೊಂಕಣಿಯನ್ನಾಡುವ ಆರ್ಥೊಡಾಕ್ಸ್ ಸಭೆಯವರ ಉಪವಾಸ ಮತ್ತು ಹಬ್ಬಗಳ ಕ್ರಮ ತಿಳಿದಿದೆ? ಆ ಬ್ರಹ್ಮಾವರದವರಾದರೂ ತಮ್ಮ ಶ್ರದ್ಧೆಯನ್ನು ನೆರೆಯವರಿಗೆ ಹೇಳಲೆಂದು ಬರೆದಿದ್ದಾರೆಯೆ? ದ್ವೇಷದಿಂದ ಹುಟ್ಟಿದ ಸ್ಥಿತಿಯಲ್ಲ ಇದು. ಮದುವೆ ಮರಣಗಳಿಗೆ ಎಲ್ಲರೂ ಎಲ್ಲರ ಮನೆಗೂ ಹೋಗುತ್ತಾರೆ, ಸ್ನೇಹದಿಂದಿದ್ದಾರೆ. ಬರಹಗಾರನು ತನ್ನವರಿಗಾಗಿ ಮಾತ್ರ ಬರೆಯುವುದನ್ನು ರೂಢಿಮಾಡಿಕೊಂಡುದರಿಂದ, ಓದುಗನೂ ತನ್ನವರದನ್ನು ಮಾತ್ರ ಓದುವುದನ್ನು ರೂಢಿಮಾಡಿಕೊಂಡಿದ್ದಾನೆ.

ಆದಕಾರಣ, ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಧಾರ್ಮಿಕ ಪತ್ರಿಕೆಗಳನ್ನು ನಡೆಸುತ್ತಿರುವ ಎಲ್ಲ ಸಭೆಗಳ ಸಂಪಾದಕರಲ್ಲಿ ನನ್ನದೊಂದು ವಿನಂತಿ. ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಲೋಕದ ಅನೇಕ ಸಭೆಗಳು ಕ್ರೈಸ್ತರ ಐಕ್ಯಕ್ಕಾಗಿ ಪ್ರಾರ್ಥಿಸುತ್ತವೆ. ಆ ತಿಂಗಳ ಸಂಚಿಕೆಯೊಂದಾದರೂ ಅಚ್ಚಿಗೆ ಹೋಗುವುದಕ್ಕೆ ಮೊದಲು ಅನ್ಯಸಭೆಯ ಒಬ್ಬ ವಿದ್ವಾಂಸರ ಕೈಗೆ ಹೋಗಲಿ. ಅವರು ತೋರಿಸಿದ ತಪ್ಪುಗಳನ್ನು ತಿದ್ದಿರಿ. ತಿದ್ದಲಾಗದ ಅಸಮ್ಮತಿಗಳನ್ನು ಅವರ ಹೆಸರಿನೊಡನೆ, ಅವರ ಮಾತುಗಳಲ್ಲಿಯೇ, ಅದೇ ಸಂಚಿಕೆಯಲ್ಲಿ ಅಚ್ಚುಹಾಕಿಸಿರಿ.